ಹಳತಾದ ಗೀರು

ಜುಲೈ ೭, ಸೋಮವಾರ

ಇಂದಿನಿಂದ ಬರೆಯುತ್ತೇನೆ. ಹೋರಾಟಕ್ಕೆ ಇಳಿದವರು ದಿನಚರಿ ಇಡಬೇಕು ಎಂದು ಯಾವುದೋ ಕರಪತ್ರದ ಹಿಂಬದಿಯಲ್ಲಿ ಓದಿದ್ದೆ. ಇಂದು ನಾನು ಹೋರಾಟಕ್ಕೆ ಇಳಿದಿದ್ದೇನೆ.

ಮಧ್ಯಾಹ್ನ ನಾನು ಕೆಲಸ ಮಾಡುವ ಗಾಜಿನಂಗಡಿಗೆ ಶಾಲೆಯಿಂದ ಫೋನು ಬಂತು. ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಳು. ಅಲ್ಲಿನ ಯಂತ್ರಗಳ ಸದ್ದಿನಲ್ಲಿ ಅವಳಿಗೆ ಫೋನು ಕೇಳಿಸುವುದಿಲ್ಲ. ಭಾವ ಲಾರಿ ಹತ್ತಿದರೆ ವಾರಗಟ್ಟಲೆ ಪತ್ತೆಯಿರುವುದಿಲ್ಲ. ನಾನೇ ಓಡಿದೆ. ಅಕ್ಕನ ಮಗಳು ಗುಬ್ಬಿ ಹೆಡ್‌ಮೇಡಂ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತಾ ಕೂತಿದ್ದಳು. ತರಗತಿಯ ಹುಡುಗಿಯೊಬ್ಬಳ ಕೈ ಕಚ್ಚಿದ್ದಾಳೆ, ರಕ್ತ ಬರುವಷ್ಟು.

"ಯಾಕೇ ಕಚ್ಚಿದೆ?"

"ನನ್ನ ಪೆನ್ಸಿಲ್ ವಾಪಸ್ ಕೊಡ್ಲಿಲ್ಲ."

"ಅದಕ್ಕೆ ಕಚ್ಚೋದಾ?"

"ಮೊದಲು ಕೇಳ್ದೆ ಚಿಕ್ಕಮ್ಮ. ತುಂಬಾ ಸಲ ಕೇಳ್ದೆ."

ಹತ್ತು ವರ್ಷದ ಮಗು. ಮುಖದಲ್ಲಿ ಅಳುವಿರಲಿಲ್ಲ. ಹೆಡ್‌ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಶಾಲೆ ಬಿಟ್ಟ ಮೇಲೆ ಇವಳು ಎಲ್ಲಿ ಹೋಗ್ತಾಳೆ ಅಂತ ಮನೇಲಿ ಯಾರಿಗಾದರೂ ಗೊತ್ತಾ?" ಎಂದರು. ಯಾರಿಗೂ ಗೊತ್ತಿರಲಿಲ್ಲ. ನಮ್ಮ ಬೀದಿಯ ಕೊನೆಯ ಗೇಮ್ ಅಂಗಡಿಗೆ ಹೋಗುತ್ತಾಳೆಂದು ಅವರೇ ಹೇಳಿದರು.

ಸಂಜೆ ಹೋಗಿ ನೋಡಿದೆ. ಮೊದಲು ದರ್ಜಿಯ ಅಂಗಡಿಯಾಗಿದ್ದ ಉದ್ದನೆಯ ಇಕ್ಕಟ್ಟಾದ ಕೋಣೆ. ಬಾಗಿಲಿನ ಗಾಜಿಗೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿದ್ದಾರೆ. ಒಳಗೆ ನಾಲ್ಕು ಪರದೆ, ಒಂದೊಂದರ ಮುಂದೆ ಐದಾರು ತಲೆ. ಪರದೆಯಲ್ಲಿ ಒಂದು ಕೋವಿ, ಕೋವಿಯ ತುದಿಯಲ್ಲಿ ಓಡುವ ಮನುಷ್ಯರು. "ಹೊಡಿ! ತಲೆಗೆ ಹೊಡಿ! ಬಿದ್ದ!" ಎಂದು ಮಕ್ಕಳು ಕೂಗುತ್ತಿದ್ದರು. ಒಂದೊಂದು ಹೆಣ ಬಿದ್ದಾಗಲೂ ಮೂಲೆಯಲ್ಲಿ ಅಂಕ ಏರುತ್ತಿತ್ತು.

ನನ್ನ ಹಾಸಿಗೆಯ ಕೆಳಗೆ ನಾನು ಕೂಡಿಟ್ಟ ಕರಪತ್ರಗಳ ಕಟ್ಟಿನಲ್ಲಿ ಒಂದಿದೆ. 'ಕೊಲ್ಲುವುದಕ್ಕೆ ಅಂಕ ಕೊಡುವವನು ಕೊಲೆಗಾರನ ಗುರು' ಎಂದು ಅದರಲ್ಲಿ ದಪ್ಪಕ್ಷರದಲ್ಲಿದೆ. ಇಂದು ಅದರ ಅರ್ಥ ಮೈಗೆ ತಾಗಿತು.

ಅಕ್ಕ ಪಾಳಿ ಮುಗಿಸಿ ಬಂದು, ಬ್ಲೀಚಿಂಗ್ ವಾಸನೆಯ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. "ನನ್ನ ಕೈಲಿ ಆಗಲ್ಲ ಕಣೇ. ನಿನ್ನ ಮಾತು ಕೇಳ್ತಾಳೆ. ನೀನೇ ಅವಳನ್ನ ದಾರಿಗೆ ತಾ."

ತರುತ್ತೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಜುಲೈ ೯, ಬುಧವಾರ

ಇನ್ನು ಮುಂದೆ ಗುಬ್ಬಿ ಶಾಲೆಯಿಂದ ನೇರ ಗಾಜಿನಂಗಡಿಗೆ ಬರುತ್ತಾಳೆ. ನನ್ನ ಕಣ್ಣಳತೆಯಲ್ಲಿರುತ್ತಾಳೆ. ಅಂಗಡಿಯ ಯಜಮಾನರು ಒಪ್ಪಿದರು, ಆದರೆ ಅವರ ನಾಲಿಗೆ ಸುಮ್ಮನಿರಬೇಕಲ್ಲ.

"ಬನ್ನಿ ಕರಪತ್ರದಮ್ಮ. ಇವತ್ತು ಯಾರನ್ನ ಉದ್ಧಾರ ಮಾಡೋಣ?"

"ನಗಬೇಡಿ ಯಜಮಾನರೇ. ನಿಮ್ಮ ಮೊಮ್ಮಕ್ಕಳೂ ನಾಳೆ ಅಲ್ಲೇ ಹೋಗಿ ಕೂತುಕೊಳ್ತಾರೆ."

"ನನ್ನ ಮೊಮ್ಮಕ್ಕಳು ಎಲ್ಲಿ ಕೂತರೂ ನಿದ್ದೆ ಮಾಡ್ತಾರಮ್ಮ. ಅಪ್ಪನ ಗುಣ." ಆಮೇಲೆ ಗುಬ್ಬಿಯ ಕಡೆ ತಿರುಗಿ, "ಏ ಗುಬ್ಬಿ, ಗಾಜು ಹೇಗೆ ಕತ್ತರಿಸ್ತಾರೆ ನೋಡ್ತೀಯಾ?" ಎಂದರು.

ಮೇಜಿನ ಮೇಲೆ ಹಾಸಿದ ಕಂಬಳಿಯ ಮೇಲೆ ಗಾಜು ಮಲಗಿಸಿ, ಕಟರಿನ ಪುಟ್ಟ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಅಳತೆಪಟ್ಟಿಯ ಗುಂಟ ಒಂದೇ ಎಳೆತ. ಚೀ ಎಂಬ ಸಣ್ಣ ಸದ್ದು. ಕೂದಲಿನಂಥ ಗೀರು. ಆಮೇಲೆ ಗೀರಿನ ಹಿಂಬದಿಯಿಂದ ಮೆಲ್ಲಗೆ ಒಂದು ತಟ್ಟು. ಟಕ್. ಗಾಜು ಎರಡಾಯಿತು. ಗುಬ್ಬಿಯ ಬಾಯಿ ತೆರೆದುಕೊಂಡೇ ಉಳಿಯಿತು.

"ಇಷ್ಟೇನಾ? ಹೊಡೀಲೇ ಇಲ್ಲ!"

"ಹೊಡೆದರೆ ಚೂರಾಗುತ್ತೆ. ಗಾಜಿಗೆ ಜೋರು ಬೇಕಿಲ್ಲ ಮಗಾ, ಜಾಗ ಗೊತ್ತಿರಬೇಕು."

ಕೋವಿಯಾಟ ಮರೆಯಲು ಒಂದು ಕೈಕಸುಬಿಗಿಂತ ಒಳ್ಳೆಯ ಔಷಧವಿಲ್ಲ. ಉಳಿದ ತುಂಡುಗಳ ಮೇಲೆ ಗೀರು ಎಳೆಯುವುದನ್ನು ನಾನೇ ಹೇಳಿಕೊಟ್ಟೆ. ಅವಳ ಕೈ ನಡುಗುವುದಿಲ್ಲ. ನನ್ನ ಕೈಗೆ ಆ ಸ್ಥಿಮಿತ ಬರಲು ವರ್ಷ ಹಿಡಿದಿತ್ತು.

ಜುಲೈ ೧೪, ಸೋಮವಾರ

ಇಂದು ಶತ್ರುವಿನ ಮುಖಾಮುಖಿ. ಗೇಮ್ ಅಂಗಡಿಯವನನ್ನು ಬೀದಿಯೆಲ್ಲ ಸೋಡಾಬುಡ್ಡಿ ಎಂದೇ ಕರೆಯುತ್ತದೆ; ಅಷ್ಟು ದಪ್ಪ ಕನ್ನಡಕ. ಬಾಗಿಲಲ್ಲೇ ನನ್ನನ್ನು ಗುರುತಿಸಿದ.

"ಬನ್ನಿ ಮೇಡಂ, ನೀವೇ ಕೂರಿಸಿದ ಗಾಜು, ಗಟ್ಟಿಮುಟ್ಟಾಗಿದೆ ನೋಡಿ."

ಹೌದು, ಹೋದ ವರ್ಷ ಆ ಬಾಗಿಲಿಗೆ ಗಾಜು ಕೂರಿಸಿದವಳು ನಾನೇ. ಮಕ್ಕಳು ಓಡಾಡುವ ಜಾಗ, ಟಫನ್ ಗಾಜು ಹಾಕಿಸಿ, ಒಡೆದರೂ ಸಕ್ಕರೆಯ ಹಾಗೆ ಉದುರುತ್ತದೆ ಎಂದು ಹೇಳಿದ್ದೆ. ಮಾಮೂಲಿಯೇ ಸಾಕು ಎಂದಿದ್ದ. ಅಂಥವನು.

"ಮಕ್ಕಳಿಗೆ ಕೊಲೆ ಕಲಿಸ್ತೀರಲ್ಲ, ನಿಮಗೆ ನಿದ್ದೆ ಬರುತ್ತಾ?" ಎಂದೆ.

"ಕೊಲೆನಾ! ಅದರಲ್ಲಿ ಸತ್ತವರು ಮುಂದಿನ ಆಟಕ್ಕೆ ಎದ್ದು ಬರ್ತಾರೆ ಮೇಡಂ."

"ಆದರೆ ಆ ಹುಡುಗಿಯ ಕೈಗೆ ಬಿದ್ದ ಹಲ್ಲಿನ ಗುರುತು ಅಳಿಸಿ ಹೋಗಲ್ಲ."

ಅವನು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ. "ನಿಮ್ಮ ಗುಬ್ಬಿ ತಾನೇ? ಅವಳಿಗೆ ಆಟ ಬರೋದೇ ಇಲ್ಲ. ಬಂದು ಗುಂಡನ ಪಕ್ಕ ಕೂತು ಹರಟೆ ಹೊಡೀತಿದ್ದಳು. ಮನೇಲಿ ಯಾರೂ ಇರಲ್ಲ ಅಂದಳು. ನಾನೇನು ಹೊರಗೆ ಹಾಕ್ಲಾ? ಆದರೂ ಚಿಕ್ಕವರಿಗೆ ಆ ಆಟ ಹಾಕಬಾರದು ಅಂತ ನನಗೂ ಅನ್ನಿಸುತ್ತೆ. ಬಾಡಿಗೆ ಕಟ್ಟೋರು ಯಾರು?"

ಸುಳ್ಳರಿಗೆ ಮೆದು ಮಾತು ಹೆಚ್ಚು.

ಅಷ್ಟರಲ್ಲಿ ಗುಂಡ ಎಂಬ ಹುಡುಗ ಒಳಗಿನಿಂದ ಗೂಳಿಯ ಹಾಗೆ ನುಗ್ಗಿ ಬಂದು, ಎರಡೂ ಅಂಗೈಯಲ್ಲಿ ಬಾಗಿಲಿನ ಗಾಜನ್ನೇ ತಳ್ಳಿಕೊಂಡು ಹೊರಗೋಡಿದ. "ಲೋ, ಹಿಡಿಕೆ ಇಟ್ಟಿರೋದು ಯಾಕೋ! ದಿನಾ ಹೇಳಬೇಕಾ?" ಎಂದು ಸೋಡಾಬುಡ್ಡಿ ಕೂಗಿದ. ಈ ಗುಂಡ ಗುಬ್ಬಿಯ ತರಗತಿಯವನೇ. ತಾಯಿ ಬಟ್ಟೆ ಹೊಲಿಯುತ್ತಾಳೆ. ಪರದೆಗೆ ಅಂಟಿಕೊಂಡವರಲ್ಲಿ ಇವನೇ ಮುಖ್ಯ. ಇವನನ್ನು ಹೊರಗೆಳೆದರೆ ಉಳಿದವರು ತಾವಾಗಿ ಬರುತ್ತಾರೆ.

ಜುಲೈ ೧೮, ಶುಕ್ರವಾರ

ಗುಬ್ಬಿ ಮಾತು ಕಡಿಮೆ ಮಾಡಿದ್ದಾಳೆ. ಚಟ ಬಿಡಿಸುವಾಗ ಮಕ್ಕಳು ಹೀಗೆ ಮಂಕಾಗುತ್ತಾರೆ, ವಿಷ ಹೊರಬರುವ ಲಕ್ಷಣವದು ಎಂದು ಕರಪತ್ರದಲ್ಲಿದೆ.

ಇಂದು ಅವಳ ಪ್ಲಾಸ್ಟಿಕ್ ಪಿಸ್ತೂಲು ಸಿಕ್ಕಿತು. ಎದುರಿಗೇ ಕೂರಿಸಿಕೊಂಡು ಸುತ್ತಿಗೆಯಿಂದ ಪುಡಿ ಮಾಡಿದೆ. "ಅದು ನೀರು ಹೊಡೆಯೋದು ಚಿಕ್ಕಮ್ಮ," ಎಂದಳು. ಒಂದಲ್ಲ, ಹಲವು ಏಟು ಬೇಕಾಯಿತು. ಚೂರುಗಳು ಗೋಡೆಗೆ ಹಾರಿದವು. ಅವಳು ಕಣ್ಣು ಮಿಟುಕಿಸದೆ ನೋಡಿದಳು. ಒಳ್ಳೆಯ ಸೂಚನೆ.

ಜುಲೈ ೨೩, ಬುಧವಾರ

ಮಕ್ಕಳ ದಳ ಹುಟ್ಟಿತು!

ಒಬ್ಬಳೇ ಎಷ್ಟು ಕೂಗಲಿ? ಮಕ್ಕಳನ್ನು ಮಕ್ಕಳೇ ಉಳಿಸಬೇಕು. ನಮ್ಮ ವಠಾರದ ಅಂಗಳದಲ್ಲಿ ಸಂಜೆ ಎಂಟು ಮಕ್ಕಳು ಸೇರಿದರು. ಗುಬ್ಬಿಯನ್ನೇ ನಾಯಕಿ ಮಾಡಿದೆ. ಕೆಟ್ಟ ದಾರಿ ಕಂಡು ಬಂದವರೇ ಒಳ್ಳೆಯ ದಾರಿ ತೋರಬೇಕು. ಅಂಗಡಿಯಿಂದ ತಂದ ಹಳೆಯ ಹಲಗೆಗೆ ಕಪ್ಪು ಬಣ್ಣ ಬಳಿದು ಗೋಡೆಗೆ ನೇತುಹಾಕಿದೆ.

ಮಕ್ಕಳಿಗೆ ಬರಿಯ ಉಪದೇಶ ರುಚಿಸುವುದಿಲ್ಲ, ಹುರುಪು ಬೇಕು. ಹಾಗಾಗಿ ಅಂಕ ಇಟ್ಟೆ. ಗೇಮ್ ಅಂಗಡಿಗೆ ಹೋದವರ ಹೆಸರು ತಂದರೆ ಒಂದು. ಒಳಗೆ ಕೂತವನನ್ನು ಹೊರಗೆ ಕರೆತಂದರೆ ಎರಡು. ಮತ್ತೆಂದೂ ಹೋಗುವುದಿಲ್ಲವೆಂದು ಬಾಯಿಬಿಡಿಸಿದರೆ ಐದು. ಗುಬ್ಬಿಗೆ ಒಂದು ಸೀಟಿ ಕೊಟ್ಟೆ.

"ಹೆಂಗಾದರೂ ಹೊರಗೆ ತರಬಹುದಾ ಚಿಕ್ಕಮ್ಮ?" ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ಅವಳ ಕಣ್ಣಿನಲ್ಲಿ ಹೊಳಪು ಬಂದಿತ್ತು.

"ಹೇಗಾದರೂ. ಮುಳುಗುವವನ ಜುಟ್ಟು ಹಿಡಿದೆಳೆದರೆ ಅವನಿಗೆ ನೋವಾಗುತ್ತೆ ಅಂತ ಬಿಡ್ತೀವಾ?"

ಮಕ್ಕಳು ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಕ್ಕ, "ಇದೂ ಒಂದು ಆಟನೇ ಅಲ್ವೇನೇ?" ಎಂದಳು. ಆಟವಲ್ಲ ಅಕ್ಕ, ಕೆಲಸ. ಇಲ್ಲಿ ಕೋವಿಯಿಲ್ಲ, ಹೆಣವಿಲ್ಲ. ಅವಳಿಗೆ ಅರ್ಥವಾಗಲಿಲ್ಲ. ದಣಿದವರಿಗೆ ತತ್ವ ಹಿಡಿಯುವುದಿಲ್ಲ.

ಜುಲೈ ೨೫, ಶುಕ್ರವಾರ

ಹಲಗೆ ತುಂಬುತ್ತಿದೆ. ಗುಬ್ಬಿ ೯. ಶಾಲೆಯಲ್ಲಿ ಅವಳು ಯಾರನ್ನೂ ಕಚ್ಚಿಲ್ಲ.

ಜುಲೈ ೨೮, ಸೋಮವಾರ

ಗುಂಡನ ತಾಯಿ ಅಂಗಳಕ್ಕೆ ಬಂದಳು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು, ಹೊಲಿಗೆ ಬಿಟ್ಟು ಎದ್ದು ಬಂದಿದ್ದಳು.

"ನಿಮ್ಮ ಮಕ್ಕಳ ದಂಡಿಗೆ ಹೇಳಿಡಿ. ನನ್ನ ಮಗ ಹೋದಲ್ಲೆಲ್ಲ ಹಿಂದೆ ಬೀಳ್ತವೆ. ಚಪ್ಪಲಿ ಬಚ್ಚಿಡ್ತವೆ, ಸೀಟಿ ಊದ್ತವೆ. ಶನಿವಾರ ಶಾಲೆ ಪಾಯಿಖಾನೆ ಬಾಗಿಲಿಗೆ ಹೊರಗಿಂದ ಚಿಲಕ ಹಾಕಿ, 'ಇನ್ನು ಹೋಗಲ್ಲ ಅನ್ನು, ಇನ್ನು ಹೋಗಲ್ಲ ಅನ್ನು' ಅಂತ ಕೂಗಿದವಂತೆ. ಹುಡುಗ ಈಗ ಹಾಸಿಗೆ ಒದ್ದೆ ಮಾಡ್ಕೊಳ್ತಾನೆ. ಹತ್ತು ವರ್ಷದವನು!"

"ನೋಡಿದ್ರಾ?" ಎಂದೆ. "ಇದೇ ಆ ಆಟದ ಪರಿಣಾಮ. ನಿದ್ದೆಯಲ್ಲೂ ಹೆದರಿಕೆ. ನಾನು ಓದಿದ್ದೀನಿ."

"ನೀನು ಬರಿ ಓದಿದ್ದೀಯ ತಾಯಿ. ನಾನು ಅವನ ಹಾಸಿಗೆ ಒಗೀತಿದ್ದೀನಿ," ಎಂದು ಹೊರಟಳು. ಗೇಟಿನ ಬಳಿ ತಿರುಗಿ, "ನಿನಗೊಂದು ಮದುವೆ ಮಾಡಿದ್ದರೆ ಬೀದಿ ತಣ್ಣಗಿರ್ತಿತ್ತು," ಎಂದು ಇನ್ನೊಂದು ಮಾತು ಎಸೆದಳು.

ಸತ್ಯ ಹೇಳುವ ಹೆಂಗಸಿಗೆ ಎಲ್ಲರೂ ಎಸೆಯುವ ಕಲ್ಲು ಅದೊಂದೇ.

ಚಿಲಕದ ವಿಷಯ ಗುಬ್ಬಿಯನ್ನು ಕೇಳಿದೆ. "ಬಾಯಿಬಿಡಿಸಿದರೆ ಐದು ಅಂದಿದ್ದೆ. ಅವನು ಅಂದ. ನಾಕು ಜನ ಕೇಳಿಸಿಕೊಂಡಿದ್ದಾರೆ," ಎಂದಳು. ವಿಧಾನ ಕೊಂಚ ಒರಟು. ಆದರೆ ನಿಯಮ ನಿಯಮವೇ. ಐದು ಬರೆದೆ.

ಆಗಸ್ಟ್ ೨, ಶನಿವಾರ

ಗುಂಡ ಮತ್ತೆ ಹೋಗಿದ್ದಾನೆ. ಕೊಟ್ಟ ಮಾತಿಗೆ ಬೆಲೆಯಿಲ್ಲ. ಗುಬ್ಬಿಯ ಐದು ಅಂಕ ಅಳಿಸಬೇಕಾಯಿತು. ಅವಳು ಅಳಲಿಲ್ಲ, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಬೆರಳು ನೀಲಿಯಾಗುವವರೆಗೂ ಸುತ್ತಿದಳು.

ಮಧ್ಯಾಹ್ನ ಅಂಗಡಿಯಲ್ಲಿ ಅವಳು ಕೇಳಿದ್ದನ್ನು ಬರೆದಿಡಬೇಕು. ಎಂಥ ಬುದ್ಧಿ ಈ ಮಗುವಿಗೆ!

"ಚಿಕ್ಕಮ್ಮ, ಗೀರು ಎಳೆದು ತಟ್ಟದೇ ಬಿಟ್ಟರೆ?"

"ಹಾಗೇ ಇರುತ್ತೆ. ಯಾರಾದರೂ ಹಿಂದಿನಿಂದ ಒತ್ತೋವರೆಗೂ."

"ಹಿಂದಿನಿಂದ ಅಂದರೆ, ಗೀರು ಹೊರಗಿದ್ದರೆ ಒಳಗಿನಿಂದ?"

"ಹೂಂ. ಜಾಣೆ."

ಚೌಕಟ್ಟಿಗೆ ಪುಟ್ಟಿ ಬಳಿಯುತ್ತಿದ್ದ ಯಜಮಾನರು ತಲೆ ಎತ್ತಿದರು. "ತಟ್ಟದೇ ಬಿಡಬಾರದು ಮಗಾ. ಗೀರಿದ ತಕ್ಷಣ ತಟ್ಟಿದರೆ ಗಾಜು ಹೇಳಿದ ಮಾತು ಕೇಳುತ್ತೆ. ಹಳತಾದ ಗೀರಿದೆಯಲ್ಲ, ಅದು ಯಾರ ಮಾತೂ ಕೇಳಲ್ಲ. ಎಲ್ಲಿಂದ ಎಲ್ಲಿಗೆ ಓಡುತ್ತೋ ಅದಕ್ಕೇ ಗೊತ್ತಿರಲ್ಲ." ತಮ್ಮ ಎಡಗೈಯ ಹಳೆಯ ಗುರುತು ತೋರಿಸಿದರು. "ಊಟಕ್ಕೆ ಹೋಗಿ ಬಂದು ತಟ್ಟಿದ್ದು."

ಗುಬ್ಬಿ ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಆಗಸ್ಟ್ ೫, ಮಂಗಳವಾರ

ಕೋಪದ ದಿನ.

ಸಂಜೆ ಗೇಮ್ ಅಂಗಡಿಯ ಮುಂದೆ ಗುಂಡ ಸಿಕ್ಕ. ಮಾತಾಡಲು ನಿಲ್ಲು ಎಂದರೆ ಓಡಿದ. ಹಿಡಿದೆ. ತೋಳು ಹಿಡಿದೆ, ಅಷ್ಟೇ. "ನಿನ್ನ ಫೋಟೋ ತೆಗೆದು ಶಾಲೆಯ ಗೇಟಿಗೆ ಅಂಟಿಸ್ತೀನಿ, ಕೆಳಗೆ ಹಾಸಿಗೆ ಒದ್ದೆ ಮಾಡೋ ವೀರ ಅಂತ ಬರೀತೀನಿ, ಆಗ ಗೊತ್ತಾಗುತ್ತೆ," ಎಂದೆ. ಒಳ್ಳೆಯ ಉದ್ದೇಶಕ್ಕೆ ಒಂದು ಹೆದರಿಕೆ ತಪ್ಪಲ್ಲ. ಸುತ್ತ ನಿಂತ ದಳದ ಮಕ್ಕಳು ಜೋರಾಗಿ ನಕ್ಕರು. ಸೋಡಾಬುಡ್ಡಿ ಹೊರಗೆ ಬಂದು, "ಮೇಡಂ, ಹುಡುಗನ ತೋಳು ಬಿಡಿ, ಕೆಂಪಾಗ್ತಿದೆ," ಎಂದ. ಇವನಿಂದ ನಾನು ಕಲಿಯಬೇಕೆ!

ಮನೆಯಲ್ಲಿ ಅಕ್ಕ ತಟ್ಟೆ ಇಡುತ್ತಾ, "ನೀನು ಮಾತಾಡೋ ರೀತಿ ಒಂದ್ಸಲ ಕೇಳಿಸ್ಕೋ. ಮೊದಲು ಹೀಗಿರಲಿಲ್ಲ ನೀನು," ಎಂದಳು. "ಮೊದಲು ಸುಮ್ಮನಿದ್ದೆ ಅಕ್ಕ, ಅದಕ್ಕೇ ನಿನ್ನ ಮಗಳು ಕಚ್ಚೋಕೆ ಶುರು ಮಾಡಿದಳು," ಎಂದೆ. ಅಕ್ಕ ಊಟ ಬಿಟ್ಟು ಎದ್ದಳು. ಕ್ಷಮೆ ಕೇಳಬೇಕೆನ್ನಿಸಿತು. ಕೇಳಲಿಲ್ಲ, ತತ್ವದಲ್ಲಿ ಸಡಿಲ ಬಿಟ್ಟರೆ ಎಲ್ಲವೂ ಸಡಿಲ.

ಅಂಗಳದಲ್ಲಿ ದಳವನ್ನು ಸೇರಿಸಿ ಘೋಷಿಸಿದೆ: ಆ ಬಾಗಿಲು ಮುಚ್ಚಿಸಿದವರಿಗೆ ಹತ್ತು ಅಂಕ. ಶನಿವಾರ ಅಂಗಡಿಯ ಮುಂದೆ ಧರಣಿ. ಗುಂಡನನ್ನು ಎಲ್ಲರೆದುರು ಹೊರಗೆ ಕರೆಯುತ್ತೇವೆ.

"ಬಾಗಿಲು ಇಲ್ಲದೇ ಹೋದರೂ ಹತ್ತಾ?" ಎಂದು ಗುಬ್ಬಿ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. "ಬಾಗಿಲು ಇಲ್ಲದಿದ್ದರೆ ಹನ್ನೊಂದು!"

ಆಗಸ್ಟ್ ೭, ಗುರುವಾರ

ನನ್ನ ಚಿಕ್ಕ ಕಟರು ಕಾಣುತ್ತಿಲ್ಲ. ಮೇಜಿನ ಕೆಳಗೆ, ಪುಟ್ಟಿ ಡಬ್ಬಿಯ ಹಿಂದೆ, ಎಲ್ಲೂ ಇಲ್ಲ. ಯಜಮಾನರು, "ದೇಶ ಉಳಿಸೋರಿಗೆ ಕಟರು ಉಳಿಸಿಕೊಳ್ಳೋದು ಕಷ್ಟ," ಎಂದರು. ದೊಡ್ಡದರಲ್ಲೇ ಕೆಲಸ ಮಾಡಿದೆ.

ಧರಣಿಯ ಕರಪತ್ರ ನಾನೇ ಬರೆದೆ. ನನ್ನ ಮೊದಲ ಕರಪತ್ರ. ಕೊನೆಯ ಸಾಲು: 'ನಮ್ಮ ಮಕ್ಕಳ ರಕ್ತಕ್ಕೆ ಯಾರು ಹೊಣೆ?'

ಆಗಸ್ಟ್ ೮, ಶುಕ್ರವಾರ

ನಾಳೆಯ ಜಾಗ ನೋಡಿಕೊಂಡು ಬರಲು ಹೋಗಿದ್ದೆ. ಸೋಡಾಬುಡ್ಡಿ ಊಟಕ್ಕೆ ಹೋಗಿ ಬಂದು ಆಗಷ್ಟೇ ಬಾಗಿಲು ತೆಗೆದಿದ್ದ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಕಪ್ಪು ಕಾಗದದ ಮೇಲಿನ ಗಾಜು ಕನ್ನಡಿಯಂತಿತ್ತು. ನನ್ನ ಮುಖ ಕಂಡಿತು. ಮುಖದ ಮೇಲೆ ಅಡ್ಡಲಾಗಿ ಕೂದಲಿನಂಥ ಒಂದು ಗೆರೆ. ಜೇಡರ ಬಲೆಯ ಎಳೆಯಿರಬೇಕು ಎಂದುಕೊಂಡೆ. ಸೀಮೆಎಣ್ಣೆಯ ವಾಸನೆ ನನ್ನ ಬೆರಳಿನದೇ ಇರಬೇಕು. ಒರೆಸಲು ಕೈ ಹೋಯಿತು. ಅವನ ಬಾಗಿಲನ್ನು ನಾನೇಕೆ ಒರೆಸಲಿ ಎಂದು ಸುಮ್ಮನೆ ಬಂದೆ.

ಗುಬ್ಬಿ ಇಂದು ಹೊಟ್ಟೆ ತುಂಬ ಉಂಡಳು. ಅಮ್ಮನಿಗೆ ಮುತ್ತು ಕೊಟ್ಟಳು. ಅಕ್ಕನ ಕಣ್ಣು ತುಂಬಿ ಬಂತು. "ದಾರಿಗೆ ಬರ್ತಿದ್ದಾಳೆ ಕಣೇ," ಎಂದಳು. ನನಗೂ ಸಾರ್ಥಕವೆನ್ನಿಸಿತು.

ಆಗಸ್ಟ್ ೯, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ನಾಲ್ಕು ಗಂಟೆಗೆ ಸೇರಿದೆವು. ದಳದವರೆಲ್ಲ ಇದ್ದರು, ಜೊತೆಗೆ ಕೆಲವು ತಾಯಂದಿರು, ತಮಾಷೆ ನೋಡಲು ಬಂದ ಒಂದಿಷ್ಟು ಜನ. ಗುಬ್ಬಿ ಸೀಟಿ ಊದಿದಳು. ಘೋಷಣೆ ಕೂಗಿದೆವು. ಒಳಗೆ ಗುಂಡುಗಳ ಸದ್ದು ನಿಂತಿತು. ಸೋಡಾಬುಡ್ಡಿ ಬಾಗಿಲನ್ನು ಹಿಡಿಕೆ ಹಿಡಿದು ಅರ್ಧ ತೆರೆದು, "ಮೇಡಂ, ಮಕ್ಕಳು ಹೆದರಿದ್ದಾರೆ. ಗಲಾಟೆ ಮಾಡಬೇಡಿ. ಒಬ್ಬೊಬ್ಬರನ್ನೇ ಹಿತ್ತಲಿಂದ ಕಳಿಸ್ತೀನಿ," ಎಂದ. "ಹಿತ್ತಲಿಂದ ಯಾಕೆ? ಕಳ್ಳರಾ?" ಎಂದೆ. ಜನ ನಕ್ಕರು. ಅವನು ಬಾಗಿಲು ಹಾಕಿಕೊಂಡು ಒಳಗೆ ಹೋದ.

ಗುಬ್ಬಿ ನನ್ನ ಸೆರಗು ಎಳೆದಳು. "ಗುಂಡ ಒಳಗೇ ಇದ್ದಾನೆ. ಕರಿ ಚಿಕ್ಕಮ್ಮ. ನೀನು ಕರೆದರೆ ಬರ್ತಾನೆ." ಹಾಗೆಂದವಳು ಉಳಿದ ಮಕ್ಕಳನ್ನು ಎರಡು ಹೆಜ್ಜೆ ಹಿಂದಕ್ಕೆ ಸರಿಸಿದಳು. ಶಿಸ್ತು ಎಂದುಕೊಂಡೆ.

ನಾನು ಫೋನು ಎತ್ತಿ ಹಿಡಿದು ಕೂಗಿದೆ. "ಗುಂಡಾ! ಹೊರಗೆ ಬಾ! ಬರ್ತೀಯೋ, ನಾನೇ ಬಂದು ಎಲ್ಲರ ಮುಂದೆ ಫೋಟೋ ತೆಗೀಲೋ?"

ಒಳಗೆ ಓಡುವ ಕಾಲಿನ ಸದ್ದು. ಎಂದಿನಂತೆ ಅವನು ಹಿಡಿಕೆ ಮುಟ್ಟಲಿಲ್ಲ.

ಮೊದಲು ಟಕ್ ಎಂದಿತು. ಆ ಸದ್ದು ನನಗೆ ಗೊತ್ತು. ದಿನಕ್ಕೆ ಎಷ್ಟೋ ಸಲ ಕೇಳುತ್ತೇನೆ. ಆಮೇಲೆ ಗಾಜು ಗೀರಿನ ಗುಂಟ ಹೋಗಲಿಲ್ಲ. ಅರ್ಧದಲ್ಲಿ ಹೊರಳಿ ಮೇಲಕ್ಕೆ ಓಡಿತು, ಮತ್ತೆ ಕೆಳಕ್ಕೆ. ಮೇಲಿನ ತುಂಡು ಒಂದು ಕ್ಷಣ ಚೌಕಟ್ಟಿನಲ್ಲೇ ನಿಂತು, ಅವನ ಎರಡೂ ಕೈ ಹೊರಗೆ ಬಂದ ಮೇಲೆ ಇಳಿಯಿತು.

ಅವನು ಕಿರುಚಲಿಲ್ಲ. ತನ್ನ ಕೈಗಳನ್ನು ನೋಡಿಕೊಂಡ. ಕಿರುಚಿದ್ದು ಸೋಡಾಬುಡ್ಡಿ. ತನ್ನ ಅಂಗಿ ಹರಿದು ಹುಡುಗನ ಮಣಿಕಟ್ಟಿಗೆ ಸುತ್ತಿ, ಎತ್ತಿಕೊಂಡು, ಕನ್ನಡಕ ಎಲ್ಲೋ ಬಿದ್ದು ಕಣ್ಣೇ ಕಾಣದೆ, "ದಾರಿ ಬಿಡಿ, ಯಾವ ಕಡೆ ದಾರಿ, ಯಾರಾದರೂ ಹೇಳ್ರೋ," ಎಂದು ಬೀದಿಯಲ್ಲಿ ತಡವರಿಸಿದ.

ನನ್ನ ಕೈಯಲ್ಲಿ ಫೋನು ಹಾಗೇ ಎತ್ತಿದಂತೆ ಇತ್ತು. ಫೋಟೋ ತೆಗೆದುಕೊಂಡಿತ್ತು, ಯಾವಾಗ ಒತ್ತಿದೆನೋ.

ಆಗಸ್ಟ್ ೧೦, ಭಾನುವಾರ

ಪ್ರಾಣಕ್ಕೆ ಅಪಾಯವಿಲ್ಲ. ಬಲಗೈಯ ಮೂರು ಬೆರಳು ಮಡಚಲು ಬರುವುದಿಲ್ಲ. ನರ ಕೂಡಿಸಿದ್ದಾರೆ, ಕಾದು ನೋಡಬೇಕಂತೆ. ಅಕ್ಕ ಪಾಳಿಯಿಂದ ಬಂದವಳು ಬಾಗಿಲಲ್ಲೇ ಕೂತಳು. "ಆ ಹುಡುಗನ ಹಾಸಿಗೆಬಟ್ಟೆ ನನ್ನ ಕೈಗೇ ಬಂತು. ತಣ್ಣೀರಲ್ಲಿ ನೆನೆಸಬೇಕು ಮೊದಲು, ಇಲ್ಲದಿದ್ದರೆ ಹೋಗಲ್ಲ," ಎಂದಳು.

ಬೆಳಿಗ್ಗೆ ಪೊಲೀಸರು ಬಂದು ಹೇಳಿಕೆ ತೆಗೆದುಕೊಂಡರು. ಟಫನ್ ಹಾಕಿಸಿ ಎಂದು ಹೇಳಿದ್ದೆ, ಸೋಡಾಬುಡ್ಡಿ ಮಾಮೂಲಿ ಗಾಜೇ ಸಾಕೆಂದ, ಎಂದೆ. ಅದು ಸತ್ಯ. ಅಕ್ಷರಶಃ ಸತ್ಯ. ಸಂಜೆಯ ಹೊತ್ತಿಗೆ ಅಂಗಡಿಗೆ ಬೀಗ ಬಿತ್ತು, ಅವನನ್ನು ಕರೆದೊಯ್ದರು. ನನ್ನ ಕರಪತ್ರವನ್ನು ಯಾರೋ ಮತ್ತೆ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದ್ದಾರೆ. 'ನಮ್ಮ ಮಕ್ಕಳ ರಕ್ತಕ್ಕೆ ಯಾರು ಹೊಣೆ?' ಬೀದಿಯಲ್ಲಿ ಗುರುತಿಲ್ಲದವರೂ ನಿಂತು ಕೈ ಮುಗಿದರು.

ಗೆದ್ದಿದ್ದೇವೆ. ಹಾಗೆಂದೇ ಬರೆಯಬೇಕು.

ಆಗಸ್ಟ್ ೧೧, ಸೋಮವಾರ

ಯಜಮಾನರು ಇಂದು ನನ್ನನ್ನು ಕರಪತ್ರದಮ್ಮ ಎನ್ನಲಿಲ್ಲ. ಮೇಜಿನ ಮೇಲೆ ಅಂಗೈಯಗಲದ ಒಂದು ಗಾಜಿನ ಚೂರಿತ್ತು. ಅದರ ಒಂದು ಅಂಚು ಹರಿತವಾಗಿ, ನೆಟ್ಟಗೆ, ಅಳತೆಪಟ್ಟಿಯಿಟ್ಟು ಎಳೆದಂತಿತ್ತು. ಉಳಿದ ಅಂಚುಗಳು ಹುಚ್ಚಾಪಟ್ಟೆ.

"ಚರಂಡಿ ಪಕ್ಕ ಸಿಕ್ತು," ಎಂದರು. "ಪೊಲೀಸರಿಗೆ ಇದೆಲ್ಲ ಗೊತ್ತಾಗಲ್ಲ. ನಮ್ಮ ಕಸುಬಿನವರಿಗೆ ಗೊತ್ತಾಗುತ್ತೆ. ಒಂದು ದಿನ ಹಳೇ ಗೀರು. ಕೈ ನಡುಗಿಲ್ಲ."

ನಾನು ಚೂರನ್ನು ಎತ್ತಿ ಬೆಳಕಿಗೆ ಹಿಡಿದು ಮತ್ತೆ ಮೇಜಿನ ಮೇಲಿಟ್ಟೆ.

"ಬೇಲಿನೇ ಎದ್ದು ಹೊಲ ಮೇಯ್ದರೆ ಯಾರಿಗಮ್ಮ ದೂರು ಕೊಡೋದು?" ಎಂದರು. ಚೂರನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ಸೋಡಾಬುಡ್ಡಿ ಠಾಣೆಯೊಳಗಿದ್ದಾನೆ. ಏನು ಮಾಡ್ತೀಯೋ ನಿನಗೆ ಬಿಟ್ಟಿದ್ದು. ಗುಬ್ಬಿನ ನಾಳೆಯಿಂದ ಇಲ್ಲಿಗೆ ಕರ್ಕೊಂಡು ಬರಬೇಡ."

ಚೂರು ಈಗ ನನ್ನ ಹಾಸಿಗೆಯ ಕೆಳಗೆ, ಕರಪತ್ರಗಳ ಕಟ್ಟಿನ ಮೇಲಿದೆ.

ಇದು ಆ ಕೋವಿಯಾಟದ್ದೇ ಪರಿಣಾಮ. ಅವಳು ಅಲ್ಲಿ ಎಷ್ಟು ದಿನ ಕೂತಿದ್ದಳು! ಇಷ್ಟು ಆಳಕ್ಕೆ ಇಳಿದ ವಿಷ ಒಂದು ತಿಂಗಳಲ್ಲಿ ಹೋಗುತ್ತದೆಯೆ? ಕರಪತ್ರದಲ್ಲಿ ಎಲ್ಲೋ ಇತ್ತು. ಹುಡುಕಿದೆ. ಸಿಗಲಿಲ್ಲ. ಬಾಯಿ ಬಿಟ್ಟರೆ ಗುಬ್ಬಿಯನ್ನು ಕರೆದೊಯ್ಯುತ್ತಾರೆ, ಅಕ್ಕ ಉಳಿಯುವುದಿಲ್ಲ. ಸುಮ್ಮನಿದ್ದರೆ ಅವನು ಕನ್ನಡಕವಿಲ್ಲದೆ ಅಲ್ಲಿ ಕೂತಿರುತ್ತಾನೆ.

ಆಗಸ್ಟ್ ೧೨, ಮಂಗಳವಾರ

ಬೆಳಿಗ್ಗೆ ಅಂಗಳಕ್ಕೆ ಬಂದಾಗ ಗುಬ್ಬಿ ಸ್ಟೂಲಿನ ಮೇಲೆ ನಿಂತು ಹಲಗೆಯಲ್ಲಿ ಬರೆಯುತ್ತಿದ್ದಳು. ಎಲ್ಲರ ಹೆಸರನ್ನೂ ಒದ್ದೆ ಬಟ್ಟೆಯಿಂದ ನೀಟಾಗಿ ಒರೆಸಿದ್ದಳು. ಎರಡು ಹೆಸರು ಮಾತ್ರ ಇದ್ದವು. ಗುಬ್ಬಿ, ಐದೂವರೆ. ಚಿಕ್ಕಮ್ಮ, ಐದೂವರೆ.

"ಏನೇ ಇದು?" ಎಂದೆ.

"ಬಾಗಿಲು ಇಲ್ಲದಿದ್ದರೆ ಹನ್ನೊಂದು ಅಂದಿದ್ದೆಯಲ್ಲ." ಅವಳು ಸೀಮೆಸುಣ್ಣದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. "ಎಲ್ಲಾ ನಾನೇ ತಗೊಂಡರೆ ಮೋಸ ಆಗುತ್ತೆ. ಗೀರಿದ್ದು ನಾನು, ಅದಕ್ಕೆ ಅರ್ಧ ನನಗೆ. ಅವನನ್ನ ಕರೆದಿದ್ದು ನೀನು."

ಒಳಗೆ ಅಕ್ಕ ಎದ್ದ ಸದ್ದು ಕೇಳಿಸಿತು. ಹಲಗೆ ಒರೆಸಲು ಬಟ್ಟೆ ತೆಗೆದುಕೊಂಡೆ. ಗುಬ್ಬಿ ನನ್ನ ಕೈ ಹಿಡಿದಳು.

"ಅಳಿಸಬೇಡ ಚಿಕ್ಕಮ್ಮ. ಮುಂದಿನದು ಯಾರು?"